ದೊರೆಯ ಬದಲಿಗೆ ನನ್ನ ಗಂಡನ ಕಾಲು

ಕೇಳಿ, ಯಾರಾದರೂ ಪೂರ್ತಿ ಕೇಳಿ, ಬಾಯಿ ಬಿಡುವಂತಿಲ್ಲ, ಒಳಗೊಳಗೇ ಅರಚುತ್ತಿದ್ದೇನೆ — ಇವರು ಕಾಲುಚೀಲ ಸುರುಳಿ ಸುತ್ತುತ್ತಾ ಇಳಿಸುತ್ತಿದ್ದಾರೆ, ಬಲಗಾಲಿನದು, ಎಷ್ಟು ನಿಧಾನ, ಹನ್ನೊಂದು ವರ್ಷದಲ್ಲಿ ನನ್ನ ಮುಂದೆ ಒಂದು ದಿನವಾದರೂ ಹೀಗೆ, ಇಲ್ಲ, ಬೂಟಿನ ಸಮೇತ ಬಿದ್ದುಕೊಳ್ಳುವ ಮನುಷ್ಯ, ಇವತ್ತು ಗುಲಾಬಿ ನೀರು ಬೇರೆ, ಬೆಳಿಗ್ಗೆಯೇ ಕೇಳಿದೆ, ಏನ್ರೀ ಇದು, ಉಗುರೂ ಕತ್ತರಿಸ್ಕೊಂಡಿದೀರಿ, ಅದಕ್ಕಿವರು, ಅಯ್ಯೋ ಇದು ನನ್ ಕಾಲಲ್ಲ ಕಣೇ ಕುನಿಗುಂಡ, ಇವತ್ತೊಂದಿನ ದೊರೆಗಳ ಕಾಲು, ಮರ್ಯಾದೆ ಕೊಡು. ದೊರೆಗಳ ಕಾಲಂತೆ! ದೊರೆ ಗಡಿಯಲ್ಲಿ ಕೋಟೆಗೆ ಮುತ್ತಿಗೆ ಹಾಕಿ ಕೂತಿದ್ದಾರೆ, ತಮ್ಮ ಮದುವೆಗೆ ಬರಲು ಪುರುಸೊತ್ತಿಲ್ಲ, ರಾಯಭಾರಿ ವೋಲ್ಫ್‌ಹಾರ್ಟ್, ಅಂದರೆ ನನ್ನ ಗಂಡ, ಅವರ ಪರವಾಗಿ ಉಂಗುರ ತೊಡಿಸಿದ್ದಾಯಿತು, ಅದನ್ನು ಸಹಿಸಿದೆ, ಈಗ ಹಾಸಿಗೆ — ವಧು ಮಲಗಿರಬೇಕು, ಬದಲಿ ವರ ಮೊಣಕಾಲಿನವರೆಗಿನ ಬರಿಗಾಲನ್ನು ಹೊದಿಕೆಯೊಳಗೆ ಇಡಬೇಕು, ಅವಳ ಪಾದಕ್ಕೆ ತಾಗಬೇಕು, ತಾಗಿದರಷ್ಟೇ ಅವಳು ರಾಣಿ, ಹೊದಿಕೆ ಎತ್ತಿ ಹಿಡಿದು ಒಳಗೆ ನೋಡಿ ಸಾಕ್ಷಿ ಹೇಳಬೇಕಾದವಳು ವರನ ಕಡೆಯ ಮದುವೆಯಾದ ಹೆಂಗಸು, ಆ ಕಡೆಯಿಂದ ಬಂದವಳು ನಾನೊಬ್ಬಳೇ.

ರಾಜಕುಮಾರಿ ಯೋಲಾಂದ್, ಇಪ್ಪತ್ನಾಲ್ಕು ವರ್ಷ, ದಿಂಬಿನ ತುಂಬ ಕೆಂಚುಗೂದಲು, ಹತ್ತು ದಿನದಿಂದ ಇವರ ಬಾಯಲ್ಲಿ ಅವಳದೇ ಜಪ, ಎಂಥಾ ಚುರುಕು ಗೊತ್ತೇನೇ, ಆಗ್ಲೇ ನಮ್ ಭಾಷೆ ಮಾತಾಡ್ತಾಳೆ, ಕಲಿಸಿದ್ಯಾರು ಸ್ವಾಮಿ, ಮಧ್ಯಾಹ್ನವೆಲ್ಲ ತೋಟದಲ್ಲಿ ಕೂತು ಕಲಿಸಿದ್ಯಾರು — ಹಿಂದೆ ನಿಂತ ಅರಮನೆಯ ಹೆಂಗಸರು ಕಿಸಕ್ಕೆಂದರು, ಬದಲಿ ಕಾಲೇ ಇಷ್ಟ್ ಚೆನ್ನಾಗಿದೆ, ಅಸಲಿ ಹೇಗಿದ್ಯೋ, ಅಸಲೀಗೆ ಐವತ್ತೆರಡಂತೆ, ತಲೆ ಬೋಳಂತೆ, ಹಾಗಾದ್ರೆ ಇವರನ್ನೇ ಇಟ್ಕೊಳ್ಳಿ ಅನ್ರೇ! ನಾನು ಹೊದಿಕೆ ಎತ್ತಿದೆ. ಕಾಲು ಒಳಗೆ ಬಂತು. ಮೀನಖಂಡದ ಮೇಲಿನ ಗಾಯದ ಕಲೆ, ಈಟಿ ತಗುಲಿದಾಗ ಆರು ವಾರ ಬಟ್ಟೆ ಕಟ್ಟಿದವಳು ನಾನು, ಆ ಕಲೆ ನನ್ನದು — ಆಗ ಅವಳ ಪಾದ ಚಲಿಸಿತು, ಇವರು ತಾಗಿಸುವವರೆಗೆ ಕಾಯಬೇಕಾದವಳು ತಾನೇ ಮುಂದೆ ಬಂದಳು, ಬೆರಳುಗಳು ಕಲೆಯ ಕಡೆಗೆ, ನನ್ನ ಕೈ ನನ್ನನ್ನು ಕೇಳದೆ ಹಾಸುಬಟ್ಟೆಯ ಒಂದು ಮಡಿಕೆಯನ್ನು ನಡುವೆ ಸರಿಸಿತು. ತಾಗಿದ್ದು ಬಟ್ಟೆಗೆ. ಬೇರೆ ಯಾರೂ ನೋಡಲಿಲ್ಲ.

ಏನು ರಾಯಭಾರಿಗಳೇ, ತಾಗ್ತಾ ಎಂದರು ಬಿಷಪ್, ತಾಗ್ತು ಸ್ವಾಮಿ, ರೇಷ್ಮೆ ಇದ್ದ ಹಾಗಿತ್ತು — ನಾರುಬಟ್ಟೆಯನ್ನು ಹೀಗೆ ಹೊಗಳುವ ಗಂಡಸು! ಅವಳ ಕೆನ್ನೆ ಕೆಂಪಾಯಿತು. ದಾಖಲೆ ಬರೆಯುವ ಗುಮಾಸ್ತ ಲೇಖನಿ ಅದ್ದಿಕೊಂಡು ಕಾಯುತ್ತಿದ್ದಾನೆ, ಬಿಷಪ್ ನನ್ನ ಕಡೆ ತಿರುಗಿದರು, ಈಗ ನೀವ್ ಹೇಳಿ ತಾಯಿ, ಶಿಲುಬೆ ಮುಟ್ಟಿ ಹೇಳಿ, ಚರ್ಮಕ್ಕೆ ಚರ್ಮ ತಾಗಿದ್ದು ಕಣ್ಣಾರೆ ನೋಡಿದ್ರಾ, ಹೌದೆಂದರೆ ಸುಳ್ಳು ಪ್ರಮಾಣ, ಮದುವೆಯೇ ಆಗದ ಈ ಹುಡುಗಿ ಕಿರೀಟ ತೊಟ್ಟು ನಮ್ಮ ದೊರೆಯ ಮಕ್ಕಳನ್ನು ಹೆರುತ್ತಾಳೆ, ಅವು ಯಾವ ಸಿಂಹಾಸನಕ್ಕೂ ಸಲ್ಲದ ಮಕ್ಕಳು, ಅದು ಗೊತ್ತಿರುವುದು ನನಗೊಬ್ಬಳಿಗೇ, ಇಲ್ಲವೆಂದರೆ — ಪರ್ವಾಗಿಲ್ಲ ತಾಯಿ, ಇನ್ನೊಂದ್ಸಲ ಕಾಲಿಡಲಿ ಬಿಡಿ ಅನ್ನುತ್ತಾರೆ ಬಿಷಪ್, ಮೊದಲಿಂದ, ಮತ್ತೆ ಕಾಲುಚೀಲ, ಮತ್ತೆ ಆ ಬೆರಳುಗಳು, ಈ ಸಲ ನಡುವೆ ಏನೂ ಇಲ್ಲದೆ, ನನ್ನದೇ ಕೈ ಹೊದಿಕೆ ಹಿಡಿದಿರುತ್ತದೆ — ತಾಯಿ, ಹೇಳಿ — ಇವರು ನನ್ನ ಕಡೆ ನೋಡುತ್ತಿಲ್ಲ, ವಿಧಿ ಮುಗಿಯಿತಲ್ಲ, ತೆಗೆಯಬಹುದಲ್ಲ, ಕಾಲು ಇನ್ನೂ ಒಳಗೇ ಇದೆ, ಕಾಲು ಇನ್ನೂ ಒಳಗೇ — ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?