ರಿಯಾಯಿತಿ ಒಲ್ಲದ ತಿಪ್ಪೇರುದ್ರಪ್ಪನವರು

ದಾರಿ ಬಿಟ್ಟುಕೊಟ್ಟವರ ಮೇಲೂ ಸಿಟ್ಟಾಗುತ್ತಿದ್ದವರೆಂದರೆ, ನಾನು ಕಂಡಂತೆ, ರಾಯದುರ್ಗದ ವಕೀಲ ತಿಪ್ಪೇರುದ್ರಪ್ಪನವರೊಬ್ಬರೇ. ಎದುರಿಗೆ ಬಂದವನು ಪಕ್ಕಕ್ಕೆ ಸರಿದರೆ ತಾವೂ ಸರಿದು ನಿಂತು, ಅವನು ಮುಂದೆ ಹೋಗುವವರೆಗೆ ಹೆಜ್ಜೆ ಕೀಳುತ್ತಿರಲಿಲ್ಲ. ಬಿರುಬೇಸಿಗೆಯಲ್ಲೂ ಮೈಬಿಡದ ಕರಿಯ ಕೋಟು, ಕಚ್ಚೆಪಂಚೆ, ಕೆಮ್ಮಿಯೇ ಮಾತು ತೆಗೆಯುವ ಅಭ್ಯಾಸ. ಈ ವೇಷದಲ್ಲೇ ಪ್ರತಿ ಸಂಜೆ ಕೋಟೆಬೆಟ್ಟದ ಕೆಳಗಿನ ಬಯಲಿಗೆ ಗಾಲ್ಫ್ ಆಡಲು ಹೋಗುತ್ತಿದ್ದರು.

ವರ್ಗವಾಗಿ ಹೋದ ದೊರೆಯೊಬ್ಬ ಊರಿಗೆ ಅಂಟಿಸಿಹೋದ ಆಟವದು. ಹುಲ್ಲಿಲ್ಲದ ಆ ನೆಲದಲ್ಲಿ, ಎಣ್ಣೆ ಹಾಕಿ ತಟ್ಟಿದ ಮರಳಿನ ನಡುವಿನ ಕುಳಿಗೆ, ಆದಷ್ಟು ಕಡಿಮೆ ಹೊಡೆತಗಳಲ್ಲಿ ಚೆಂಡನ್ನು ಸೇರಿಸಬೇಕು. ಕೈ ಸಾಗದವನಿಗೆ ಹ್ಯಾಂಡಿಕ್ಯಾಪ್ ಎಂಬ ಕರುಣೆಯುಂಟು: ಅವನ ಒಟ್ಟು ಹೊಡೆತಗಳಲ್ಲಿ ಇಷ್ಟೆಂದು ಕಳೆದು, ಬಲ್ಲವನ ಸಮಕ್ಕೆ ನಿಲ್ಲಿಸುತ್ತಾರೆ, ಆಟ ಸುಧಾರಿಸಿದಂತೆ ಆ ಸಂಖ್ಯೆ ಇಳಿಯುತ್ತದೆ. ಇಪ್ಪತ್ತನಾಲ್ಕರಿಂದ ಆರಂಭಿಸಿದ ವಕೀಲರು ಹತ್ತು ವರ್ಷ ಬಿಸಿಲುಂಡು ಅದನ್ನು ಆರಕ್ಕೆ ಇಳಿಸಿದ್ದರು. ಗೆದ್ದ ಮೊಕದ್ದಮೆಗಳನ್ನು ಮರೆತರೂ ಈ ಆರನ್ನು ಅವರು ಮರೆತವರಲ್ಲ.

ಆಮೇಲೆ ಕಣ್ಣಿಗೆ ಪೊರೆ ಬಂತು. ಹೊಡೆದ ಚೆಂಡು ಕಾಣದೆ, ಅದು ಬಿದ್ದ ಸದ್ದಿಗೆ ಕಿವಿಗೊಟ್ಟು ನಿಲ್ಲುತ್ತಿದ್ದರು; ಸೋಲುತ್ತಿದ್ದರು. ಕ್ಲಬ್ಬಿನ ಕಾರ್ಯದರ್ಶಿ ಮರುಳಪ್ಪನವರು, "ನಂಬರು ಏರಿಸೋಣ್ರಿ, ಕಣ್ಣು ಹಿಂಗ ಆಗೇತಿ," ಎಂದರೆ, "ಬ್ಯಾಡ್ರಿ. ಸೋತ್ರ ಸೋತ ಅಂತ ಬರೀರಿ," ಎನ್ನುತ್ತಿದ್ದರು.

ಆ ವರ್ಷದ ಪಂದ್ಯದಲ್ಲಿ ಗೆದ್ದವರೆಂದು ಅವರ ಹೆಸರನ್ನೇ ಕೂಗಿದರು. ನಾನು ಪಕ್ಕದಲ್ಲೇ ಇದ್ದೆ. ಬೆಳ್ಳಿಯ ಬಟ್ಟಲನ್ನು ಕೋಟಿನ ಅಂಚಿನಿಂದ ಒರೆಸುತ್ತ ಮಗುವಿನಂತೆ ನಗುತ್ತಿದ್ದವರು, ಒಮ್ಮೆಲೇ ಕೆಮ್ಮಿ ಕೇಳಿದರು: "ಎಷ್ಟು ಕಳದ್ರಿ?"

ಮರುಳಪ್ಪನವರು ನೆಲ ನೋಡಿದರು. "ಇಪ್ಪತ್ನಾಲ್ಕ್ರಿ. ಹೇಳಿದ್ರ ನೀವು ಒಪ್ಪಂಗಿಲ್ಲ ಅಂತ..."

"ಹಂಗಾರ ಗೆದ್ದಾತ ನಾನಲ್ರಿ."

ಬಟ್ಟಲನ್ನು ಮೇಜಿನ ಮೇಲೆ ಸದ್ದಾಗದಂತೆ ಇಟ್ಟು, ಬಾಗಿಲನ್ನು ಕೈಯಿಂದ ತಡವುತ್ತ ಹೊರಗೆ ನಡೆದರು. ಮರುಳಪ್ಪನವರ ಮನಸ್ಸು ಕೆಟ್ಟದ್ದಲ್ಲ. ಅದಕ್ಕೇ ನನಗೆ ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯದೆ ಸಂಕಟವಾಯಿತು.

ತಿಂಗಳ ಮೇಲೆ ಅವರ ಮನೆಗೆ ಹೋದಾಗ, ಹೆಂಡತಿ ಉಜ್ಜಿನಮ್ಮನವರು ಬಾಗಿಲಲ್ಲೇ ದನಿ ತಗ್ಗಿಸಿ ಹೇಳಿದರು: "ಸಂಜಿ ಆದ್ರ ಕೋಟು ಹಾಕ್ಕೊಂಡು ಕಟ್ಟಿ ಮ್ಯಾಲ ಕುಂದರ್ತಾರ್ರಿ. ಎಲ್ಲಿಗೂ ಹೋಗಂಗಿಲ್ಲ."

ನಾನೂ ಕಟ್ಟೆಯ ಮೇಲೆ ಕುಳಿತೆ. ಬಯಲಿನ ಕಡೆಯಿಂದ ಚೆಂಡು ಹೊಡೆದ ಸದ್ದು ಬಂದಾಗಲೆಲ್ಲ ಅವರ ಕತ್ತು ಅತ್ತ ತಿರುಗುತ್ತಿತ್ತು. ಇಂಥವರು ಸೋಲುತ್ತ ಸೋಲುತ್ತ ಎಷ್ಟು ಕಾಲವಾದರೂ ಬಯಲಿಗೆ ಬಂದಾರು. ನಾವು ಪ್ರೀತಿಯಿಂದ ಒಮ್ಮೆ ಗೆಲ್ಲಿಸಿಬಿಟ್ಟರೆ ಮತ್ತೆ ಬರಲಾರರು.