ವಾಸ್ತು ನೋಡಿದರು, ಛಾವಣಿ ನೋಡಲಿಲ್ಲ

ಏಪ್ರಿಲ್ ತಿಂಗಳು, ಸಿಡ್ನಿಯಲ್ಲಿ ಎಲೆ ಉದುರುವ ಕಾಲ. ಶನಿವಾರ ಬೆಳಿಗ್ಗೆ ಹತ್ತು ಗಂಟೆ. ಕೆಲ್ಲಿವಿಲ್‌ನ ನಮ್ಮ ಬಾಡಿಗೆ ಮನೆಯಲ್ಲಿ ನನ್ನ ಹೆಂಡತಿ ನೀಲಕ್ಕ ಫೋನಿಗೆ ಆರತಿ ಬೆಳಗುತ್ತಿದ್ದಳು. ಫೋನಿನಲ್ಲಿ ಒಂದು ಮನೆಯ ಚಿತ್ರ ಇತ್ತು.

ಆ ಮನೆಯನ್ನು ಕೊಂಡು ಬಾಡಿಗೆಗೆ ಬಿಡಬೇಕೆಂಬುದು ಮಗ ಸಂಕೇತನ ಆಸೆ. ಅದು ಇರುವುದು ಆರು ತಾಸು ದೂರದ ಗಣಿ ಊರಲ್ಲಿ. ಸೋಮವಾರ ಸಹಿ. ಅವನೂ ಸೊಸೆ ಸಂಧ್ಯಾರಾಣಿಯೂ ಹತ್ತು ವರ್ಷ ಕೂಡಿಸಿದ ದುಡ್ಡೆಲ್ಲ ಅದಕ್ಕೇ. ಮನೆ ಹುಡುಕಿದವನು ಬದರಿನಾಥ. ಸಂಕೇತನ ಕಾಲೇಜಿನ ಗೆಳೆಯ, ಈಗ ಮೆಲ್ಬರ್ನಿನ ಪಾಯಿಂಟ್ ಕುಕ್‌ನಲ್ಲಿ ದಲ್ಲಾಳಿ. ಸಹಿ ಮಾಡಿಸಲೆಂದೇ ನಮ್ಮಲ್ಲಿ ಬಂದು ಇಳಿದಿದ್ದ.

“ಸಿಡ್ನೀಲಿ ಇಷ್ಟಕ್ಕೆ ಗ್ಯಾರೇಜೂ ಸಿಗಲ್ಲ ಅಂಕಲ್. ಟೆನೆಂಟ್ ಆಲ್ರೆಡಿ ಇದಾರೆ. ರೆಂಟೇ ಲೋನ್ ಕಂತು ಕಟ್ಟತ್ತೆ,” ಎಂದ ಬದರಿ.

“ಮನಿ ಯಾರು ಹೋಗಿ ನೋಡೀರಿ?” ಎಂದೆ.

“ವಾಸ್ತು ನೋಡಿಸೇನಿ ಅಪ್ಪಾ,” ಎಂದ ಸಂಕೇತ. “ಹುಬ್ಬಳ್ಳಿ ಸ್ವಾಮಿಗೋಳಿಗೆ ಪ್ಲ್ಯಾನ್ ಕಳಿಸಿದ್ದೆ. ಪೂರ್ವದ ಬಾಗಲಾ.”

“ಎಮ್ಮಿ ಕೊಳ್ಳಾವನೂ ಹಲ್ಲ ನೋಡ್ತಾನ. ನೀ ಫೋಟೋ ನೋಡಿದಿ!”

ಸಂಧ್ಯಾರಾಣಿ ಬಾಯಿಬಿಟ್ಟಳು. “ಮನಿ ಅಗ್ಗ ರೀ, ರಿಪೇರಿ ಅಗ್ಗ ಅಲ್ಲ. ಕೌನ್ಸಿಲ್ ತೆರಿಗಿ, ಇನ್ಶೂರೆನ್ಸು, ಏಜೆಂಟ್ ಫೀ ಬ್ಯಾರೆ. ನಾಳೆ ಗಣಿ ಮುಚ್ಚಿದ್ರ ಬಾಡಿಗಿಗೆ ಬರಾವ್ರು ಯಾರು?”

“ಅಯ್ಯೋ, ನೆಗೆಟಿವ್ ಮಾತಾಡ್ಬೇಡಿ,” ಎಂದು ಬದರಿ ನಕ್ಕ.

ಭಾನುವಾರ ಬೆಳಿಗ್ಗೆ ಎಲ್ಲರನ್ನೂ ಕಾರು ಹತ್ತಿಸಿದೆ. ಬದರಿಗೆ ಮಾತ್ರ ತಲೆನೋವು ಬಂತು.

ಮಧ್ಯಾಹ್ನ ಆ ಮನೆ ಮುಟ್ಟಿದಾಗ ಬಾಗಿಲು ತೆರೆದವಳು ಬಾಡಿಗೆಗಿದ್ದ ಮಕ್ಕಳ ತಾಯಿ, ಗಂಟುಮೂಟೆ ಕಟ್ಟುತ್ತಿದ್ದಳು. ಸೋರುವ ಛಾವಣಿಯ ಕೆಳಗೆ ಮೂರು ಬಕೆಟ್. ಮಕ್ಕಳ ಕೋಣೆಯ ಗೋಡೆ ಬೂಷ್ಟು ಹಿಡಿದು ಕಪ್ಪಾಗಿತ್ತು. ಚಿಕ್ಕ ಹುಡುಗಿ ಒಂದೇ ಸಮನೆ ಕೆಮ್ಮುತ್ತಿದ್ದಳು. ತಾಯಿಯ ಮಾತನ್ನು ಸೊಸೆ ನನಗೆ ತಿಳಿಸಿದಳು: ಎಂಟು ತಿಂಗಳಿಂದ ಹೇಳಿದರೂ ರಿಪೇರಿಗೆ ಯಾರೂ ಬಂದಿಲ್ಲ, ನಾಳೆ ಮನೆ ಬಿಡುತ್ತಾಳೆ. ಹೋದ ವಾರ ಬದರಿಗೂ ಹೇಳಿದ್ದಳಂತೆ.

ನನಗೆ ಮೈ ಉರಿಯಿತು. “ನಮ್ಮನ್ಯಾಗ ಮೂರು ದಿನ ಬಿಸಿನೀರು ಬರಲಿಲ್ಲಂತ ಓನರ್‌ಗೆ ಎಷ್ಟ ಬೈದಿ! ಇಲ್ಲಿ ನೀನ ಅಂಥ ಓನರ್ ಆಗಾವೇನು?”

ಸಂಕೇತ ಆ ಗೋಡೆ ಮುಟ್ಟಿ ನೋಡಿದ. ಕೈ ಒದ್ದೆಯಾಯಿತು. “ಬ್ಯಾಡಪ್ಪಾ, ಸಹಿ ಮಾಡೂದಿಲ್ಲ.”

ಮರುದಿನ ಬದರಿ ಕಾಗದ ಹರಡಿದ. “ಬೂಷ್ಟಾ? ಪೇಂಟ್ ಹೊಡ್ಸಿದ್ರೆ ಕಾಣ್ಸಲ್ಲ.”

ಎಪ್ಪತ್ತೆಂಟು ವರ್ಷದಲ್ಲಿ ನಾನು ಯಾರಿಗೂ ಬಾಗಿಲು ತೋರಿಸಿದವನಲ್ಲ. ಅಂದು ತೋರಿಸಿದೆ.

ಅಗ್ಗದ ಮನೆ ಕಂಡು ಹಿಗ್ಗುವ ಅಣ್ಣ ಅಕ್ಕಂದಿರೇ, ಮೊದಲು ಹೋಗಿ ನೋಡಿ. ಇನ್ಸ್‌ಪೆಕ್ಷನ್ನಿಗೆ ನೀವೇ ಗೊತ್ತುಮಾಡಿದವನನ್ನು ಕರೆಸಿ, ದಲ್ಲಾಳಿಯ ಕಡೆಯವನನ್ನಲ್ಲ. ಮನೆ ಖಾಲಿ ಬೀಳುವ ತಿಂಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ನಿಮ್ಮ ಮಗುವನ್ನು ಆ ಕೋಣೆಯಲ್ಲಿ ಮಲಗಿಸುವಿರಾ? ಇಲ್ಲವೆಂದರೆ ಇನ್ನೊಬ್ಬರ ಮಗುವಿಗಾಗಿ ಅದನ್ನು ಕೊಳ್ಳಬೇಡಿ.

ಆ ಸೋಮವಾರ ಅಲ್ಲಿಂದ ಆ ತಾಯಿ ಮಕ್ಕಳನ್ನು ಕಟ್ಟಿಕೊಂಡು ಹೊರಟಳು. ಇಲ್ಲಿಂದ ಬದರಿನಾಥ ಹೊರಟ, ನೀಲಕ್ಕ ಇಟ್ಟ ಚಹಾ ಕುಡಿಯದೆ.