ಶೇರುವಿನ ಗಂಟಲಲ್ಲಿ ಇಲ್ಲದ ಎಲುಬು

ಬಕ್ರೀದ್ ಮುಗಿದು ಐದು ದಿನವಾಗಿತ್ತು. ಯಾವಗಲ್ ಊರಿನ ಇಮಾಮಸಾಬನ ಅಂಗಳದಲ್ಲಿ ಪಕ್ಕದ ಮನೆಯ ನಿಂಗಪ್ಪ ಕಾಕಾ ಮೊಣಕಾಲೂರಿ ಕೂತು, ಶೇರು ಎಂಬ ನಾಯಿಯ ಬಾಯೊಳಗೆ ಮಣಿಕಟ್ಟಿನವರೆಗೆ ಕೈ ಇಳಿಸಿದ್ದ. ಅದನ್ನು ಕಂಡ ಸಾವಕ್ಕ ಬಾಗಿಲಲ್ಲೇ ಹಣೆ ಚಚ್ಚಿಕೊಂಡಳು.

ಸಾವಕ್ಕ ಊರಿನ ಪಶುಸಖಿ. ಸಾಕುಪ್ರಾಣಿಗಳ ಆರೋಗ್ಯದ ಬಗ್ಗೆ ತರಬೇತಿ ಪಡೆದವಳು. ನಾಯಿಗಳಿಗೆ ಕೆಮ್ಮು ಹಬ್ಬುತ್ತಿದೆ, ಹುಷಾರಾಗಿರಿ ಎಂದು ಮೊನ್ನೆ ಸಂಘದ ಸಭೆಯಲ್ಲಿ ಗಂಟಲು ಹರಿಯುವಂತೆ ಹೇಳಿದ್ದಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಗಿತ್ತು.

"ಕಾಕಾ, ಮೊದ್ಲ ಕೈ ಹೊರಗ ತಗೀರಿ!"

"ತಡಿಯವಾ ತಂಗಿ, ಎಲುಬು ಇನ್ನೇನ್ ಬೆರಳಿಗೆ ಹತ್ತತೈತಿ."

ಮೂರು ವರ್ಷದ ಹಿಂದೆ ಯಾವುದೋ ನಾಯಿಯ ಗಂಟಲಿನಿಂದ ನಿಂಗಪ್ಪ ನಿಜವಾಗಿಯೂ ಒಂದು ಎಲುಬು ತೆಗೆದಿದ್ದ. ಅಂದಿನಿಂದ ಅವನ ಕೈಗುಣದ ಮಾತು ಊರೆಲ್ಲ ಹಬ್ಬಿತ್ತು. ನಾಯಿ ಕೆಮ್ಮಿದರೆ ಸಾಕು, ಜನ ಅವನ ಮನೆಗೆ ಓಡುತ್ತಿದ್ದರು.

"ಮುಂಜಾನಿಂದ ಇದು ಎಷ್ಟನೇ ನಾಯಿ ಕಾಕಾ?"

"ನಾಕನೇದು."

"ಎಲುಬು ಎಷ್ಟು ಸಿಕ್ಕವು?"

"ಒಂದೂ ಇಲ್ಲ. ಜಾರ್ತಾವ."

"ನಡುವ ಕೈಯರ ತೊಳ್ಕೊಂಡ್ರೇನು?"

ನಿಂಗಪ್ಪ ಧೋತರದ ಅಂಚು ತೋರಿಸಿದ. ಒರೆಸಿಕೊಂಡಿದ್ದನಂತೆ! ಸಾವಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

ಶೇರು ಎರಡು ದಿನದಿಂದ ತುತ್ತು ಮುಟ್ಟಿರಲಿಲ್ಲ. ಮೂಗು ಸೋರುತ್ತಿತ್ತು, ಪಕ್ಕೆ ಏರಿಳಿಯುತ್ತಿತ್ತು. ಏಳು ವರ್ಷ ಇಮಾಮಸಾಬನ ಕುರಿಗಳನ್ನು ತೋಳದಿಂದ ಕಾದ ಜೀವವದು. ಇಮಾಮಸಾಬನ ಹೆಂಡತಿ ಶರೀಫಾಬಿ ಹಾಲಿನ ಬಟ್ಟಲು ಹಿಡಿದು ಅದರ ಪಕ್ಕದಲ್ಲೇ ಕಣ್ಣೀರು ಹಾಕುತ್ತಿದ್ದಳು.

"ಇಮಾಮಣ್ಣ, ಇದು ಫ್ಲೂ ಇದ್ದಂಗ ಐತಿ. ನಾಯಿಗಳ ಅಂಟುಜಾಡ್ಯ. ಲಗೂ ದವಾಖಾನಿಗೆ ಒಯ್ಯೋಣ ನಡಿ."

"ನಾಯಿಗೆಲ್ಲಿ ನೆಗಡಿ ಜ್ವರ ಸಾವಕ್ಕ? ಹಬ್ಬದ ಎಲುಬು ತಿಂದೈತಿ, ಸಿಕ್ಕೊಂಡೈತಿ. ಅಷ್ಟ."

ಇವರಿಗೆ ಹೇಗೆ ಹೇಳಲಿ ಎಂದು ಸಾವಕ್ಕ ತಲೆ ಹಿಡಿದುಕೊಂಡಳು. ಅಷ್ಟರಲ್ಲಿ ಗೋಡೆಯಾಚೆ ಇನ್ನೊಂದು ನಾಯಿ ಕೆಮ್ಮಿತು.

"ಅದ್ಯಾರ ನಾಯಿ ಕಾಕಾ?"

"ನಮ್ಮ ಗೌರಿ," ಎಂದ ನಿಂಗಪ್ಪ. "ನಿನ್ನೆ ಸಂಜಿಂದ ಹಿಂಗ ಮಾಡಾಕತ್ತೈತಿ."

"ಅದರ ಗಂಟಲಾಗೂ ಎಲುಬ?"

"ಛೇ ಛೇ! ನಮ್ದು ಲಿಂಗ ಕಟ್ಟೋ ಮನಿ. ಗೌರಿ ರೊಟ್ಟಿ ಹಾಲು ಬಿಟ್ಟು ಏನೂ ಕಂಡಿಲ್ಲ. ಹೊರಗೂ ಬಿಡಂಗಿಲ್ಲ, ಕಟ್ಟೇ ಸಾಕೇವಿ."

"ಮತ್ತ ಕಟ್ಟಿದ ನಾಯಿಗೆ ಕೆಮ್ಮು ಎಲ್ಲಿಂದ ಬಂತ್ರಿ? ನಾಕ್ ದಿನದಿಂದ ಊರ ನಾಯಿಗಳ ಬಾಯಾಗ ಕೈ ಹಾಕಿ, ದಿನಾ ಮನಿಗೆ ಬಂದು ಅದರ ಮೂತಿ ಸವರೋರು ಯಾರು?"

ನಿಂಗಪ್ಪ ತನ್ನ ಬಲಗೈ ನೋಡಿಕೊಂಡ. ಬೆರಳ ಮೇಲೆ ಹಲ್ಲು ತರಚಿದ ಗೆರೆ ಇತ್ತು.

"ಮೊದ್ಲ ಸೋಪ್ ಹಚ್ಚಿ ಹದಿನೈದು ನಿಮಿಷ ನಳದ ನೀರಾಗ ತೊಳೀರಿ, ಆಮ್ಯಾಲ ನೀವೂ ಮಂದಿ ದವಾಖಾನಿಗೆ ನಡೀರಿ," ಎಂದಳು ಸಾವಕ್ಕ. "ಗಂಟಲಾಗ ಏನೋ ಸಿಕ್ಕಂಗ ಮಾಡೋದು ಹುಚ್ಚುನಾಯಿ ರೋಗದಾಗೂ ಇರ್ತೈತಿ. ಕೈಗುಣ ಹೋಗ್ಲಿ, ಜೀವ ಉಳೀಲಿ!"

ಇಮಾಮಸಾಬ ಶೇರುವನ್ನು ಕಂಬಳಿಯಲ್ಲಿ ಸುತ್ತಿ ಟಂಟಂ ಗಾಡಿಗೆ ಹತ್ತಿಸಿದ.

ಪಶುವೈದ್ಯರು ಪರೀಕ್ಷೆ ಮಾಡಿ, ಫ್ಲೂ ಎಂದೇ ಹೇಳಿದರು. ಪುಪ್ಪುಸಕ್ಕೆ ಕಫ ಇಳಿಯತೊಡಗಿತ್ತು. "ಇನ್ನೆರಡು ದಿನ ತಡಾ ಮಾಡಿದ್ರ ನಾಯಿ ಕೈಗೆ ಸಿಗ್ತಿರಲಿಲ್ಲ," ಎಂದರು. ಶೇರು ನಾಲ್ಕು ವಾರ ಮೇವಿನ ಕೊಟ್ಟಿಗೆಯಲ್ಲಿ ಬೇರೆಯೇ ಇತ್ತು. ಅದರ ಬಟ್ಟಲು ಬೇರೆ, ಹಾಸಿಗೆ ಬೇರೆ. ಎಂಟನೆಯ ದಿನ ಅದು ಅರ್ಧ ರೊಟ್ಟಿ ತಿಂದಾಗ ಶರೀಫಾಬಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಗೌರಿಯೂ ಚೇತರಿಸಿಕೊಂಡಿತು.

ಶೇರುವನ್ನು ದವಾಖಾನೆಗೆ ಒಯ್ದ ಮರುವಾರವೇ ಯಾರೋ ಕೆಮ್ಮುವ ನಾಯಿಯನ್ನು ನಿಂಗಪ್ಪನ ಬಾಗಿಲಿಗೆ ಎಳೆದು ತಂದರು. ನಿಂಗಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಒದರಿದ: "ದವಾಖಾನಿಗೆ ಒಯ್ಯೋ ಮಾರಾಯಾ! ನನಗ ಹುಚ್ಚುನಾಯಿ ರೋಗದ ಇಂಜೆಕ್ಷನ್ ಬೀಳಾಕತ್ತಾವ, ನಿನಗೂ ಬೇಕೇನು?"

ಅಬ್ಬಾ, ಒಬ್ಬನಿಗಾದರೂ ತಿಳಿಯಿತಲ್ಲ ಎಂದುಕೊಂಡಳು ಸಾವಕ್ಕ.

ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ನಾಯಿ ಕೆಮ್ಮಿದರೆ, ಮೂಗು ಸೋರಿದರೆ, ಅನ್ನ ಬಿಟ್ಟರೆ ಅದೇ ದಿನ ಪಶು ದವಾಖಾನೆಗೆ ತೋರಿಸಿ. ಬೇರೆ ನಾಯಿಗಳ ಜೊತೆ ಬಿಡಬೇಡಿ, ಒಂದೇ ಬಟ್ಟಲಲ್ಲಿ ಉಣಿಸಬೇಡಿ. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಮನುಷ್ಯರ ಜ್ವರದ ಗುಳಿಗೆ ಹಾಕಬೇಡಿ, ಅದು ನಾಯಿಗೆ ವಿಷವಾದೀತು. ಯಾವ ಲಸಿಕೆ ಯಾವಾಗ ಹಾಕಿಸಬೇಕೆಂದು ವೈದ್ಯರನ್ನೇ ಕೇಳಿ. ಗಂಟಲಲ್ಲಿ ಎಲುಬೇ ಸಿಕ್ಕಿದ್ದರೂ ತೆಗೆಯಬೇಕಾದವರು ಅವರೇ. ನಿಮ್ಮ ಮನೆ ಕಾಯುವ ಜೀವ ಅದು, ಬಾಯಿಬಿಟ್ಟು ಕೇಳಲಾರದು. ಅದರ ಪರವಾಗಿ ದವಾಖಾನೆಯ ಬಾಗಿಲು ನೀವೇ ತಟ್ಟಬೇಕು.